ಮೋರಿಯೆಂದು ಬಿಟ್ಟ ನದಿ

ಭೂಪಟದ ಮೇಲೆ ಕೋಲಿಟ್ಟು ಗಂಗೆ, ಗೋದಾವರಿ, ಕಾವೇರಿಗಳ ಉಗಮಸ್ಥಾನಗಳನ್ನು ವರ್ಷಗಟ್ಟಲೆ ನಿಮ್ಮಿಂದ ಒಪ್ಪಿಸಿಕೊಂಡವನು ನಾನು. ಆದರೆ ಮೈಸೂರು ರಸ್ತೆಯ ಪಕ್ಕದಲ್ಲಿ ನಾವೆಲ್ಲ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಕಪ್ಪು ನೀರಿಗೆ ವೃಷಭಾವತಿ ಎಂಬ ಹೆಸರಿದೆಯೆಂದು ಒಮ್ಮೆಯೂ ಹೇಳಲಿಲ್ಲ. ನೀವು ಅದನ್ನು ಮೋರಿ ಎನ್ನುತ್ತಿದ್ದಿರಿ, ನಾನು ತಿದ್ದಲಿಲ್ಲ. ಕಾಗುಣಿತದ ತಪ್ಪಿಗೆ ಕಿವಿ ಹಿಂಡಿದವನು ಇಷ್ಟು ದೊಡ್ಡ ತಪ್ಪನ್ನು ಬಿಟ್ಟುಬಿಟ್ಟೆ.

ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟುವುದೆಂದು ಜನ ನಂಬಿರುವ ಈ ತೊರೆ, ಬೈರಮಂಗಲ ಕೆರೆಯನ್ನು ಹಾದು ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ತಂದು ಕುಡಿಯುವ ನಾವು, ಕೊಳೆಯ ಒಂದು ಪಾಲನ್ನು ಇದೇ ದಾರಿಯಲ್ಲಿ ಆ ತಾಯಿಗೇ ಹಿಂದಿರುಗಿಸುತ್ತಿದ್ದೇವೆ. ಊರಿನ ಇನ್ನೊಂದು ಮಗ್ಗುಲಿನ ಬೆಳ್ಳಂದೂರು ಕೆರೆ 2015ರಲ್ಲಿ ರಸ್ತೆಗೆ ನೊರೆ ಉಕ್ಕಿಸಿದಾಗ, 2017ರಲ್ಲಿ ಹೊತ್ತಿ ಉರಿದಾಗ ದೇಶವೇ ನೋಡಿತು. ನೋಡಿದ್ದಷ್ಟೇ.

ವರದಿಗಳಿಗೆ ಕೊರತೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಕೆರೆಗಳನ್ನು ವರ್ಷಗಳಿಂದ ಅಳೆದು ಬರೆದಿದ್ದಾರೆ. ಆದರೆ ಬೇರೆಯವರು ಅಳೆದ ನೀರು ನಮ್ಮದೆನಿಸುವುದಿಲ್ಲ. ಆದುದರಿಂದ ಪ್ರತಿ ಶಾಲೆಯೂ ತನ್ನ ಜಲಾನಯನ ಪ್ರದೇಶವನ್ನು ತಾನೇ ಅಭ್ಯಸಿಸಬೇಕೆಂಬುದು ನನ್ನ ಅಭಿಪ್ರಾಯ. ಶಾಲೆಯ ಛಾವಣಿಯ ಮೇಲೆ ಬಿದ್ದ ಹನಿ ಯಾವ ಚರಂಡಿ, ಯಾವ ರಾಜಕಾಲುವೆ, ಯಾವ ಕೆರೆಯ ಮೂಲಕ ಯಾವ ನದಿಗೆ ಹೋಗುತ್ತದೆ? ಮಳೆ ನಿಂತ ಎಷ್ಟು ಹೊತ್ತಿಗೆ ಕಾಲುವೆ ತುಂಬುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ? ಡಾಂಬರು ಬೀದಿಯಲ್ಲಿ ನೀರು ಒಮ್ಮೆಗೇ ನುಗ್ಗುತ್ತದೆ. ಜ್ಞಾನಭಾರತಿಯ ಆವರಣದಂಥ ಮರಗಳ ನೆಲದಲ್ಲಿ ಎಲೆ ಹನಿಯನ್ನು ತಡೆಯುತ್ತದೆ, ತರಗು ಹೀರುತ್ತದೆ, ಬೇರು ಮಣ್ಣಿನೊಳಗೆ ದಾರಿ ಮಾಡಿಕೊಡುತ್ತದೆ. ಮಳೆಗಾಲದಲ್ಲಿ ಎರಡೂ ಕಡೆ ನಿಂತು ನೋಡಿದ ಮಗುವಿಗೆ ನಗರದಲ್ಲಿ ಕಾಡೇಕೆ ಬೇಕೆಂದು ಪ್ರಬಂಧ ಬರೆಸಬೇಕಾಗಿಲ್ಲ.

ಕೊಳಚೆಯ ಬಳಿಗೆ ಮಕ್ಕಳನ್ನು ಒಯ್ಯುವುದೇ ಎಂದು ಹೆತ್ತವರು ಕೇಳುವುದು ಸಹಜ. ನೀರನ್ನು ಮುಟ್ಟುವುದು ಬೇಡ. ಸೇತುವೆಯ ಮೇಲಿಂದ ನೋಡಿ, ಬಣ್ಣ, ವಾಸನೆ, ಮಟ್ಟಗಳನ್ನು ದಿನಾಂಕದೊಡನೆ ಬರೆದಿಡಲಿ. ಹತ್ತು ವರ್ಷ ಬರೆದ ಪುಸ್ತಕವನ್ನು ಕೈಯಲ್ಲಿ ಹಿಡಿದು ಕೇಳುವ ಪ್ರಶ್ನೆಗೆ ಅಧಿಕಾರಿಗಳು ಸುಲಭವಾಗಿ ಜಾರಿಕೊಳ್ಳಲಾರರು.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಅಧ್ಯಾಪಕರು, ಹಲವರು ತಂದೆತಾಯಂದಿರು. ನಾನು ತಿದ್ದದೆ ಬಿಟ್ಟ ಆ ಒಂದು ಪದವನ್ನು ನಿಮ್ಮ ಮಕ್ಕಳ ಬಾಯಲ್ಲಾದರೂ ತಿದ್ದಿರಿ. ಅದು ಮೋರಿಯಲ್ಲ, ನದಿ.