ಕಬ್ಬಿನ ಟ್ರಾಲಿಗೆ ಬ್ರೇಕು ಯಾವಾಗ?

ದೀಪಾವಳಿ ಮುಗಿಯುವ ಹೊತ್ತಿಗೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ರಸ್ತೆಗಳ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳದೇ ದರಬಾರು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ, ಮೇಲೆ ಮುಗಿಲು ಮುಟ್ಟುವಂಗ ಕಬ್ಬು. ಗಡಿ ಈಚೆಯ ಕಾರ್ಖಾನೆಗೆ ಹೋಗುವ ಗಾಡಿಯೂ ಹೀಗೇ, ಆಚೆ ಇಂಡಿ, ಅಥಣಿ ಕಡೆ ಹೋಗುವ ಗಾಡಿಯೂ ಹೀಗೇ. ಹಂಗಾಮು ಬಂತೆಂದರೆ ಟ್ರಾಲಿಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುವ ಕಾರ್ಯಕ್ರಮಗಳು ನಡೆಯುತ್ತವೆ. ಒಳ್ಳೆಯದೇ. ಆದರೆ ಯಾರೂ ಬಾಯಿ ಬಿಡದ ಇನ್ನೊಂದು ಮಾತಿದೆ. ಈ ಟ್ರಾಲಿಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ!

ಸ್ವಲ್ಪ ಲೆಕ್ಕ ಹಾಕೋಣ. 50 ಎಚ್‌ಪಿ ಟ್ರ್ಯಾಕ್ಟರಿನ ತೂಕ ಎರಡು, ಎರಡೂವರೆ ಟನ್. ಹಿಂದಿನ ಎರಡು ಟ್ರಾಲಿಗಳದು ಕಬ್ಬು ಸೇರಿ 20 ಟನ್ ದಾಟುತ್ತದೆ. ಇಷ್ಟೂ ಭಾರ ನಿಲ್ಲಬೇಕಾದದ್ದು ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿಗಳ ಬ್ರೇಕಿನಿಂದ. ಹತ್ತು ಮಂದಿ ಹಿಂದಿನಿಂದ ದೂಡುವಾಗ ಒಬ್ಬ ಮುಂದೆ ನಿಂತು ತಡೆದಂಗ ಆಯಿತು. 20 ಅಡಿಗೆ ಒಂದು ಅಡಿ ಇಳಿಯುವ ಸಣ್ಣ ಇಳಿಜಾರಿನಲ್ಲೂ 20 ಟನ್ನಿನ ಟ್ರಾಲಿಗಳು ಟ್ರ್ಯಾಕ್ಟರನ್ನು ಸುಮಾರು ಒಂದು ಟನ್ ಬಲದಿಂದ ಮುಂದಕ್ಕೆ ನೂಕುತ್ತವೆ. ಚಾಲಕ ಗಟ್ಟಿಯಾಗಿ ಬ್ರೇಕ್ ತುಳಿದರೆ ಟ್ರ್ಯಾಕ್ಟರ್ ಅಡ್ಡ ತಿರುಗಿ, ಟ್ರಾಲಿ ಮೈಮೇಲೆ ಬರುತ್ತದೆ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರಿಗಂತೂ ದೇವರೇ ಗತಿ.

"ನಮ್ಮ ಗಾಡಿ ಇಪ್ಪತ್ತರ ಮ್ಯಾಲ ಓಡಂಗಿಲ್ಲರಿ, ಬ್ರೇಕ್ ಯಾಕ ಬೇಕು?" ಎಂದು ಗಾಡಿ ಮಾಲೀಕರು ಕೇಳುತ್ತಾರೆ. ತುಂಬಿದ ಗಾಡಿ ಏರಿನಲ್ಲಿ ಇಪ್ಪತ್ತು ಓಡದಿರಬಹುದು, ಇಳಿಜಾರಿನಲ್ಲಿ ಓಡುತ್ತದಲ್ಲ? ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಅಲ್ಲದೆ 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನವೆಂದೇ ಎಣಿಸಿದೆ. ಅದು ಬರೀ ಗಾಲಿ ಮೇಲಿನ ಪೆಟ್ಟಿಗೆಯಲ್ಲ.

ಬೇರೆ ದೇಶದವರು ಇದಕ್ಕೆ ಏನು ಮಾಡಿದ್ದಾರೆ? ಯುರೋಪಿನಲ್ಲಿ ಒಟ್ಟು ತೂಕ 750 ಕಿಲೋ ದಾಟುವ ಟ್ರೇಲರಿಗೆ ಬ್ರೇಕು ಕಡ್ಡಾಯ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಈ ಮಿತಿ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ. ಅಲ್ಲಿ ಪ್ರವಾಸ ಹೊರಟ ಕುಟುಂಬಗಳು ಕಾರಿನ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಹೋಗುತ್ತಾರೆ. ಅದರ ಗಾಲಿಯ ಡ್ರಮ್ಮಿನೊಳಗೆ ವಿದ್ಯುತ್ ಅಯಸ್ಕಾಂತ ಇರುತ್ತದೆ, ಚಾಲಕನ ಮುಂದೆ ಒಂದು ಸಣ್ಣ ಕಂಟ್ರೋಲರ್. ಅಗ್ಗದ ಕಂಟ್ರೋಲರ್ ನಾವು ಮೊದಲೇ ಹೊಂದಿಸಿಟ್ಟಷ್ಟೇ ಕರೆಂಟನ್ನು ಪ್ರತಿ ಸಲ ಬಿಡುತ್ತದೆ. ಒಳ್ಳೆಯದು, ಕಾರು ಎಷ್ಟು ಜೋರಾಗಿ ನಿಧಾನಿಸುತ್ತಿದೆ ಎಂಬುದನ್ನು ತಾನೇ ಅಳೆದು ಟ್ರೇಲರನ್ನೂ ಅಷ್ಟೇ ತಡೆಯುತ್ತದೆ. ಕೊಂಡಿ ಕಳಚಿದರೆ ಟ್ರೇಲರಿನದೇ ಬ್ಯಾಟರಿಯಿಂದ ಬ್ರೇಕ್ ಬೀಳುವ ಏರ್ಪಾಡೂ ಉಂಟು.

ಹಾಗಾದರೆ ನಮಗೂ ಅದೇ ಇರಲಿ ಎನ್ನಬಹುದೇ? ನನ್ನ ಅಭಿಪ್ರಾಯದಲ್ಲಿ ಬೇಡ. ಹೊಲದ ರಾಡಿ, ನೀರು, ಕಬ್ಬಿನ ರವದಿ ನಡುವೆ ತೆಳ್ಳನೆಯ ವೈರು ಬಾಳಿಕೆ ಬರುವುದಿಲ್ಲ. ವೈರು ಹರಿದರೆ, ಬ್ಯಾಟರಿ ಸೋತರೆ ಬ್ರೇಕೂ ಹೋಯಿತು. ಟ್ರಾಲಿ ಮುಂದೆ ನೂಕಿದಾಗ ಮೂಕಿಯ ಒತ್ತಡದಿಂದ ತಾನೇ ಹಿಡಿಯುವ ಬ್ರೇಕು ಇನ್ನೊಂದು ಬಗೆ. ಅದು ಸರಳ, ಒಂದೇ ಹಗುರ ಟ್ರಾಲಿಗೆ ಸಾಕಾದೀತು. ಆದರೆ ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಸರಿಯುವುದನ್ನು ಅದು ತಡೆಯಲಾರದು, ಆಗ ಗಾಲಿಗೆ ಕಲ್ಲು ಕೊಡುವುದೇ ಗತಿ. ಜೋಡಿ ಟ್ರಾಲಿಗೆ ಸರಿಯಾದದ್ದು ಲಾರಿಗಿರುವಂಥ ಗಾಳಿ ಬ್ರೇಕು. ಟ್ರ್ಯಾಕ್ಟರಿಗೆ ಕಂಪ್ರೆಸರ್ ಕೂಡ್ರಿಸಿ, ಎರಡು ಪೈಪಿನಿಂದ ಟ್ರಾಲಿಗಳಿಗೆ ಜೋಡಿಸಿದರೆ ಚಾಲಕನ ಕಾಲಿನಡಿ ಎಲ್ಲ ಗಾಲಿಯೂ ಹಿಡಿಯುತ್ತದೆ. ಗಾಳಿ ತುಂಬುವ ಪೈಪು ಹರಿದರೂ ಟ್ರಾಲಿ ತಾನೇ ನಿಲ್ಲುತ್ತದೆ. ಲಾರಿ ರಿಪೇರಿ ಮಾಡುವ ಮೇಸ್ತ್ರಿಗೆ ಈ ಕೆಲಸ ಹೊಸದಲ್ಲ.

ಖರ್ಚು ಯಾರದು? ಗೊಂದಲ ಇರುವುದು ಇಲ್ಲಿಯೇ. ಗಾಡಿ ನಮ್ಮದಲ್ಲ ಎಂದು ಕಾರ್ಖಾನೆಯವರು ಕೈ ತೊಳೆದುಕೊಳ್ಳುತ್ತಾರೆ. ಸಾಲದ ಕಂತೇ ಹೊರೆಯಾಗಿದೆ ಎಂದು ಮಾಲೀಕ ಹೇಳುತ್ತಾನೆ. ಇಬ್ಬರ ಮಾತೂ ಅರ್ಧ ಸತ್ಯ. ಹಂಗಾಮಿಗೆ ಮೊದಲು ಕಾರ್ಖಾನೆ ಗಾಡಿ ಮಾಲೀಕನೊಂದಿಗೆ ಕರಾರು ಮಾಡಿಕೊಂಡು ಮುಂಗಡ ಕೊಡುತ್ತದಲ್ಲವೇ? ಅದರಲ್ಲೇ ಬ್ರೇಕಿನ ಷರತ್ತು ಸೇರಲಿ. ಜೋಡಣೆಯ ಖರ್ಚಿನ ಅರ್ಧವನ್ನು ಕಾರ್ಖಾನೆ ಹೊರಲಿ, ಉಳಿದರ್ಧ ಎರಡು ಮೂರು ಹಂಗಾಮಿನ ಬಾಡಿಗೆಯಲ್ಲಿ ಮುರಿದುಕೊಳ್ಳಲಿ. ಆಮೇಲೆ ಬ್ರೇಕಿಲ್ಲದ ಟ್ರಾಲಿಯನ್ನು ಕಾಟಾದ ಮೇಲೆ ಹತ್ತಿಸಬಾರದು. ಈ ನಿಯಮ ಗಡಿಯ ಎರಡೂ ಕಡೆ ಒಂದೇ ಆಗಿರಬೇಕು. ಇಲ್ಲದಿದ್ದರೆ ಇಲ್ಲಿ ಬೇಡವೆಂದ ಗಾಡಿ ಅಲ್ಲಿ ಹೋಗಿ ನಿಲ್ಲುತ್ತದೆ.

ಅಲ್ಲಿಯವರೆಗೆ ಚಾಲಕರು ಕಾಸು ಖರ್ಚಿಲ್ಲದೆ ಮಾಡಬಹುದಾದ ಎರಡು ಕೆಲಸಗಳಿವೆ. ಟ್ರ್ಯಾಕ್ಟರಿಗೆ ಎಡ, ಬಲ ಎರಡು ಬ್ರೇಕ್ ಪೆಡಲ್ ಇರುತ್ತವೆ. ಹೊಲದಿಂದ ರಸ್ತೆಗೆ ಬಂದ ಕೂಡಲೇ ಅವುಗಳ ಕೊಂಡಿ ಹಾಕಿ ಒಂದು ಮಾಡಬೇಕು. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬರಬೇಕು.

ಖಾಲಿ ಟ್ರಾಲಿಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಹೆಂಡತಿ, ಕೂಸು, ಪಾತ್ರೆಗಳ ಸಮೇತ ಕೂತು ಹೋಗುತ್ತಾರೆ. ಅದೇ ರಸ್ತೆಯ ಮೇಲೆ ನಮ್ಮ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾರೆ. ಕಾರ್ಖಾನೆಗಳ ವಾರ್ಷಿಕ ಸಭೆಗಳಲ್ಲಿ ಕಬ್ಬಿನ ದರಕ್ಕಾಗಿ ಎದ್ದು ನಿಲ್ಲುವ ಸದಸ್ಯ ರೈತರು, ಈ ಸಲ ಟ್ರಾಲಿಯ ಬ್ರೇಕಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಲಿ.