ಶನಿವಾರದ ಶಾಲೆಯ ಜಮಾ-ಖರ್ಚು

ಮಕ್ಕಳೇ, ವಾರವೆಲ್ಲ ಶಾಲೆಗೆ ಹೋಗಿ ಬಂದ ಮೇಲೆ ಶನಿವಾರ ಇನ್ನೊಂದು ಶಾಲೆಗೆ ಹೋಗು ಅಂದರೆ ನಿಮಗೆ ಹೇಗಾಗುತ್ತದೆ? ಮುಖ ಸಿಂಡರಿಸುತ್ತೀರಿ, ನನಗೆ ಗೊತ್ತು. ಆದರೆ ಲಂಡನ್ನಿನ ಪೂರ್ವ ಭಾಗದಲ್ಲಿ ಎಷ್ಟೋ ಮಕ್ಕಳು ಹೀಗೆ ಹೋಗಿ ತಮ್ಮ ಅಜ್ಜ-ಅಜ್ಜಿಯರ ಊರಿನ ಭಾಷೆ ಬಂಗಾಳಿಯನ್ನು ಕಲಿಯುತ್ತಾರೆ. ಈ ವಾರ ಅಂಥ ಶಾಲೆಗಳ ಲೆಕ್ಕದ ಪುಸ್ತಕ ಬಿಚ್ಚೋಣ. ಮೂರೂವರೆ ದಶಕ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಯಾವ ಒಳ್ಳೆಯ ಕೆಲಸ ಕಂಡರೂ ‘ಇದಕ್ಕೆ ದುಡ್ಡು ಎಲ್ಲಿಂದ?’ ಎಂದು ಕೇಳುವ ಚಾಳಿ ಇನ್ನೂ ಹೋಗಿಲ್ಲ.

ಆ ಭಾಗದ ಹೆಸರು ಟವರ್ ಹ್ಯಾಮ್ಲೆಟ್ಸ್. 2021ರ ಜನಗಣತಿಯ ಪ್ರಕಾರ ಅಲ್ಲಿನ ನೂರು ಜನರಲ್ಲಿ ಸುಮಾರು 35 ಮಂದಿ ಬಾಂಗ್ಲಾದೇಶ ಮೂಲದವರು. ಬಹುಪಾಲು ಕುಟುಂಬಗಳ ಬೇರು ಸಿಲ್ಹೆಟ್ ಸೀಮೆಯಲ್ಲಿದೆ. ಹಿಂದೆ ಬ್ರಿಟಿಷ್ ಹಡಗುಗಳಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕೆ ಸೇರಿದ ಸಿಲ್ಹೆಟಿಗಳಲ್ಲಿ ಕೆಲವರು ಲಂಡನ್ನಿನಲ್ಲೇ ಉಳಿದರು. ಆಮೇಲೆ ಬಂದವರು ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ ದುಡಿದರು. ಇಂದು ವೈಟ್‌ಚಾಪೆಲ್ ರೈಲು ನಿಲ್ದಾಣದ ಹೆಸರು ಬಂಗಾಳಿ ಅಕ್ಷರಗಳಲ್ಲೂ ಇದೆ.

ಆ ಜನಕ್ಕೆ ಭಾಷೆಯ ಮೇಲೆ ಅಷ್ಟು ಪ್ರೀತಿ ಯಾಕೆ? 1952ರ ಫೆಬ್ರುವರಿ 21ರಂದು ಢಾಕಾದಲ್ಲಿ, ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ಕೊಡಿ ಎಂದು ಕೇಳಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ಯುನೆಸ್ಕೋ 1999ರಲ್ಲಿ ಅದೇ ದಿನವನ್ನು ಅಂತರರಾಷ್ಟ್ರೀಯ ಮಾತೃಭಾಷಾ ದಿನವೆಂದು ಘೋಷಿಸಿತು. ಆ ಹುತಾತ್ಮರ ನೆನಪಿನ ಶಹೀದ್ ಮಿನಾರ್ ಢಾಕಾದಲ್ಲಿದೆ. ಅದರ ಪುಟ್ಟ ಪ್ರತಿರೂಪ ಟವರ್ ಹ್ಯಾಮ್ಲೆಟ್ಸ್‌ನ ಅಲ್ತಾಬ್ ಅಲಿ ಪಾರ್ಕಿನಲ್ಲೂ ಇದೆ.

ಈಗ ಲೆಕ್ಕಕ್ಕೆ ಬರೋಣ. ವಾರಾಂತ್ಯದ ಶಾಲೆ ಅಂದರೆ ಸ್ವಂತ ಕಟ್ಟಡ, ಗಂಟೆ, ಹೆಡ್ಮಾಸ್ತರರ ಕೋಣೆ ಎಲ್ಲ ಇರುವುದು ಅಪರೂಪ. ಯಾವುದೋ ಶಾಲೆಯ ಕೊಠಡಿಯನ್ನೋ ಸಮುದಾಯ ಭವನವನ್ನೋ ಎರಡು-ಮೂರು ಗಂಟೆ ಬಾಡಿಗೆಗೆ ಹಿಡಿದು ಪಾಠ ಮಾಡುತ್ತಾರೆ. ಖರ್ಚಿನ ಕಡೆ ಕೊಠಡಿ ಬಾಡಿಗೆ, ಮೇಷ್ಟರ ಸಂಭಾವನೆ, ಪುಸ್ತಕ, ವಿಮೆ. ಮಕ್ಕಳೊಂದಿಗೆ ಕೆಲಸ ಮಾಡುವ ದೊಡ್ಡವರ ಹಿನ್ನೆಲೆ ತಪಾಸಣೆಯೂ ಆಗಬೇಕು. ಜಮಾದ ಕಡೆ ಅಪ್ಪ-ಅಮ್ಮಂದಿರು ಕೊಡುವ ಸಣ್ಣ ಶುಲ್ಕ, ಊರವರ ದೇಣಿಗೆ ಮತ್ತು ಕೌನ್ಸಿಲ್, ಅಂದರೆ ಅಲ್ಲಿನ ನಗರಾಡಳಿತ, ಕೊಡುವ ಅನುದಾನ.

ಅನುದಾನ ಬೇಕೆಂದರೆ ಹಾಜರಿ ಪುಸ್ತಕ ಇರಬೇಕು, ಲೆಕ್ಕಪತ್ರ ಒಪ್ಪಿಸಬೇಕು, ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಬೇಕು. ಇಂಥ ಖಾತೆಗೆ ಇಬ್ಬರ ಸಹಿ ಇಡುವುದು ರೂಢಿ. ನಮ್ಮ ಕೌಂಟರಿನಲ್ಲೂ ಒಂದೇ ಸಹಿಯ ಸಂಘದ ಚೆಕ್ಕು ಬಂದರೆ ವಾಪಸ್ ಕಳಿಸುತ್ತಿದ್ದೆವು. ಬೇರೆಯವರ ದುಡ್ಡು ಖರ್ಚು ಮಾಡುವಾಗ ಎರಡು ಜೊತೆ ಕಣ್ಣು ಇರುವುದು ಒಳ್ಳೆಯದೇ.

ಹಾಗಾದರೆ ತೊಂದರೆ ಎಲ್ಲಿ? ಕೌನ್ಸಿಲ್‌ನ ಖರ್ಚಿನಲ್ಲಿ ಎರಡು ಪಟ್ಟಿ ಇದೆ ಎಂದುಕೊಳ್ಳಿ. ಒಂದು, ಕಾನೂನಿನ ಪ್ರಕಾರ ಮಾಡಲೇಬೇಕಾದ್ದು: ಕಸ ಎತ್ತುವುದು, ಅಪಾಯದಲ್ಲಿರುವ ಮಕ್ಕಳ ರಕ್ಷಣೆ, ಕೈಲಾಗದ ವೃದ್ಧರ ಆರೈಕೆ. ಇನ್ನೊಂದು, ಮಾಡಿದರೆ ಒಳ್ಳೆಯದು, ಮಾಡದಿದ್ದರೆ ಯಾರೂ ಕೋರ್ಟಿಗೆ ಎಳೆಯುವುದಿಲ್ಲ ಎಂಬಂಥದ್ದು. ತಾಯ್ನುಡಿ ತರಗತಿ ಈ ಎರಡನೆಯ ಪಟ್ಟಿಯಲ್ಲಿದೆ. 2010ರ ನಂತರ ಇಂಗ್ಲೆಂಡಿನ ಕೇಂದ್ರ ಸರ್ಕಾರ ಕೌನ್ಸಿಲ್‌ಗಳಿಗೆ ಕೊಡುವ ಹಣವನ್ನು ಬಹಳ ಕಡಿಮೆ ಮಾಡಿತು. ದಿನನಿತ್ಯದ ಖರ್ಚಿಗೆ ಸಾಲ ಮಾಡಲು ಕಾನೂನು ಬಿಡುವುದಿಲ್ಲ, ಆಯ-ವ್ಯಯ ಸರಿದೂಗಲೇಬೇಕು. ಕತ್ತರಿ ಎಲ್ಲಿ ಬೀಳುತ್ತದೆಂದು ಲೆಕ್ಕ ಬಲ್ಲ ಯಾರಾದರೂ ಹೇಳಿಯಾರು. ಟವರ್ ಹ್ಯಾಮ್ಲೆಟ್ಸ್‌ನಲ್ಲೂ ತಾಯ್ನುಡಿ ತರಗತಿಗಳಿಗೆ ಕತ್ತರಿ ಹಾಕುವ ಮಾತು ಬಂತು, ಹೆತ್ತವರು ಪ್ರತಿಭಟಿಸಿದರು.

‘ಒಂದು ಸಮುದಾಯದ ಭಾಷೆಗೆ ಎಲ್ಲರ ತೆರಿಗೆ ಹಣ ಯಾಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. 1985ರಲ್ಲಿ ಸ್ವಾನ್ ಸಮಿತಿಯ ವರದಿ ಇದಕ್ಕೊಂದು ಮಧ್ಯದ ದಾರಿ ಹೇಳಿತ್ತು: ತಾಯ್ನುಡಿ ಉಳಿಸಿಕೊಳ್ಳುವ ಮುಖ್ಯ ಹೊಣೆ ಆಯಾ ಸಮುದಾಯದ್ದು, ಆದರೆ ಸ್ಥಳೀಯ ಶಿಕ್ಷಣ ಆಡಳಿತ ಶಾಲೆಯ ಕೊಠಡಿಯನ್ನು ಪುಕ್ಕಟೆ ಕೊಡಲಿ, ಪುಸ್ತಕಕ್ಕೆ ಒಂದಿಷ್ಟು ನೆರವು ನೀಡಲಿ. ನನಗೂ ಇದು ನ್ಯಾಯ ಅನ್ನಿಸುತ್ತದೆ. ಶನಿವಾರ ಬೀಗ ಹಾಕಿರುವ ಕೊಠಡಿಯನ್ನು ತೆರೆದುಕೊಟ್ಟರೆ ಖಜಾನೆಯೇನೂ ಬರಿದಾಗುವುದಿಲ್ಲ. ತೆರಿಗೆ ಕಟ್ಟುವವರಲ್ಲಿ ಆ ಮಕ್ಕಳ ಅಪ್ಪ-ಅಮ್ಮಂದಿರೂ ಇದ್ದಾರಲ್ಲ!

ಕಲಿತದ್ದು ಮನೆಯೊಳಗಷ್ಟೇ ಉಳಿಯುವುದೂ ಇಲ್ಲ. ಅಲ್ಲಿ ಹದಿನಾರರ ಆಸುಪಾಸಿನಲ್ಲಿ ಬರೆಯುವ ಜಿಸಿಎಸ್ಇ ಪರೀಕ್ಷೆಯನ್ನು ಬಂಗಾಳಿಯಲ್ಲೂ ಬರೆಯಬಹುದು. ಅದರ ಮುಂದಿನ ಎ-ಲೆವೆಲ್‌ನಿಂದ ಬಂಗಾಳಿಯನ್ನು ಕೈಬಿಡುವುದಾಗಿ 2015ರಲ್ಲಿ ಪರೀಕ್ಷಾ ಮಂಡಳಿ ಹೇಳಿದಾಗ ದೊಡ್ಡ ವಿರೋಧ ಬಂದು, ಕೊನೆಗೆ ಪರೀಕ್ಷೆ ಉಳಿಯಿತು. ನಮ್ಮ ಕನ್ನಡಕ್ಕೆ ಅಲ್ಲಿ ಜಿಸಿಎಸ್ಇ ಇಲ್ಲ. ಆದರೂ ಬ್ರಿಟನ್ನಿನ ಕನ್ನಡಿಗರು ವಾರಾಂತ್ಯದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅ-ಆ-ಇ-ಈ ತಿದ್ದಿಸುತ್ತಾರೆ. ಅಂಕ ಸಿಗದ ಪಾಠವನ್ನು ಪ್ರೀತಿಯಿಂದ ಕಲಿಸುವುದು ಇನ್ನೂ ಕಷ್ಟದ ಕೆಲಸ.

ಇನ್ನೊಂದು ಸ್ವಾರಸ್ಯ ಕೇಳಿ. ಆ ಮಕ್ಕಳ ಅಜ್ಜಿಯರು ಮನೆಯಲ್ಲಿ ಆಡುವುದು ಸಿಲ್ಹೆಟಿ. ತರಗತಿಯಲ್ಲಿ ಕಲಿಸುವುದು ಪುಸ್ತಕದ ಬಂಗಾಳಿ. ಎರಡಕ್ಕೂ ಸಾಕಷ್ಟು ಅಂತರವಿದೆ. ಸಿಲ್ಹೆಟಿಯನ್ನು ಬೇರೆಯೇ ಭಾಷೆ ಎನ್ನುವ ವಿದ್ವಾಂಸರೂ ಇದ್ದಾರೆ. ಹಾಗಾಗಿ ತರಗತಿಯಲ್ಲಿ ಅಕ್ಷರ ಕಲಿತರೂ ಅಜ್ಜಿಯ ಮಾತು ಅಜ್ಜಿಯಿಂದಲೇ ಬರಬೇಕು. ಯಾವ ಕೌನ್ಸಿಲ್ಲೂ ಅದಕ್ಕೆ ಚೆಕ್ಕು ಬರೆಯಲಾರದು.

ಬ್ಯಾಂಕಿನಲ್ಲಿ ಸಾಲದ ಕಂತು ಕಟ್ಟಲಾಗದವರಿಗೆ ಅವಧಿ ವಿಸ್ತರಿಸಿ ಕೊಡುವುದುಂಟು. ಬಾಲ್ಯಕ್ಕೆ ಆ ಸೌಲಭ್ಯವಿಲ್ಲ. ಹಣವಿಲ್ಲವೆಂದು ತರಗತಿಯನ್ನು ನಾಲ್ಕು ವರ್ಷ ಮುಚ್ಚಿದರೆ, ಎಂಟು ವರ್ಷದ ಹುಡುಗಿ ಹನ್ನೆರಡಕ್ಕೆ ಬಂದಿರುತ್ತಾಳೆ. ಅಜ್ಜಿಗೂ ನಾಲ್ಕು ವರ್ಷ ಹೆಚ್ಚಾಗಿರುತ್ತದೆ. ಆಮೇಲೆ ಅನುದಾನ ಮರಳಿ ಬಂದರೂ ಆ ನಾಲ್ಕು ವರ್ಷವನ್ನು ಯಾವ ಖಾತೆಗೂ ಜಮಾ ಮಾಡಲಾಗದು. ಬಜೆಟ್ ಬರೆಯುವವರು ಉಳಿತಾಯದ ಅಂಕಿಯ ಪಕ್ಕದಲ್ಲಿ ಈ ನಷ್ಟವನ್ನೂ ಬರೆದುಕೊಳ್ಳಬೇಕು ಎನ್ನುವುದಷ್ಟೇ ನನ್ನ ವಾದ.

ಇದನ್ನು ಓದುತ್ತಿರುವ ಅಜ್ಜ-ಅಜ್ಜಿಯರಲ್ಲಿ ಎಷ್ಟೋ ಜನರ ಮೊಮ್ಮಕ್ಕಳು ಹೊರದೇಶದಲ್ಲಿದ್ದಾರೆ. ವಿಡಿಯೊ ಕಾಲ್ ಬಂದಾಗ ‘ಊಟ ಆಯ್ತಾ?’ ಎಂದು ಕೇಳಿ ಮುಗಿಸಬೇಡಿ. ಒಂದು ಒಗಟು ಹೇಳಿ, ಅರ್ಧ ಕಥೆ ಹೇಳಿ, ಉಳಿದರ್ಧವನ್ನು ಮುಂದಿನ ಶನಿವಾರಕ್ಕೆ ಬಾಕಿ ಇಡಿ. ಮಕ್ಕಳೇ, ನೀವು ದೂರದೇಶದ ನಿಮ್ಮ ಅಣ್ಣ-ತಂಗಿಯರಿಗೆ ಈ ವಾರ ನಾಲ್ಕು ಸಾಲಿನ ಕನ್ನಡ ಪತ್ರ ಬರೆಯಿರಿ. ಅಕ್ಷರ ದೊಡ್ಡದಾಗಿರಲಿ, ಕಲಿಯುವವರಿಗೆ ಓದಲು ಸಲೀಸಾಗುತ್ತದೆ.