ಕುಸಿತದ ಕಾಲಕ್ಕೆ ನೆರೆಹೊರೆಯೇ ದಾಸ್ತಾನು

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಶೀತಲ ಸಮರದ ಕಾಲಕ್ಕೆ ಕ್ಷಿಪಣಿ ಇಡಲು ಕೊರೆದ ನೆಲದಾಳದ ಗುಂಡಿಯೊಂದು ಈಗ ಐಷಾರಾಮಿ ಮನೆಗಳ ಸಮುಚ್ಚಯವಾಗಿದೆ. ವರ್ಷಗಟ್ಟಲೆ ಸಾಲುವ ಆಹಾರ, ಸ್ವಂತ ವಿದ್ಯುತ್ತು, ಬಾಗಿಲಿಗೆ ಕಾವಲು ಎಲ್ಲವೂ ಅಲ್ಲಿದೆ. ಹೊರಗಿನ ಲೋಕ ಕುಸಿದರೂ ಒಳಗಿರುವವರು ಬದುಕುತ್ತಾರೆ ಎಂಬ ಭರವಸೆಯೇ ಅಲ್ಲಿನ ಮಾರಾಟದ ಸರಕು. ಸಮಾಜ ಮುರಿದುಬಿದ್ದ ಮರುಗಳಿಗೆಯಲ್ಲಿ ಮನುಷ್ಯನಿಗೆ ಮನುಷ್ಯನೇ ಶತ್ರುವಾಗುತ್ತಾನೆ, ಆದ್ದರಿಂದ ದಾಸ್ತಾನು ಮಾಡಿಕೊಂಡು ಕದ ಹಾಕಿಕೊಂಡವನೇ ಜಾಣ ಎಂಬ ನಂಬಿಕೆ ಇದರ ಹಿಂದಿದೆ. ಇದು ಕೋಟ್ಯಧೀಶರಲ್ಲಿ ಮಾತ್ರ ಕಾಣುವ ನಂಬಿಕೆಯಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದ ರಾತ್ರಿ ನಮ್ಮ ಊರುಗಳ ದಿನಸಿ ಅಂಗಡಿಗಳ ಮುಂದೆ ನೆರೆದ ಜನರ ಮನಸ್ಸಿನಲ್ಲೂ ಇದೇ ಲೆಕ್ಕಾಚಾರವಿತ್ತು. ಆ ಭಯ ಸಹಜ. ಆದರೆ ನಿಜವಾಗಿಯೂ ಕುಸಿದ ನಗರಗಳ ಅನುಭವ ಆ ಲೆಕ್ಕವನ್ನು ಒಪ್ಪುವುದಿಲ್ಲ.

ಬಾಸ್ನಿಯಾದ ರಾಜಧಾನಿ ಸರಾಯೆವೊ 1984ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಸಿದ್ದ ಆಧುನಿಕ ನಗರ. 1992ರ ಏಪ್ರಿಲ್‌ನಿಂದ 1996ರ ಫೆಬ್ರುವರಿವರೆಗೆ, 1,425 ದಿನ, ಬಾಸ್ನಿಯನ್ ಸರ್ಬ್ ಪಡೆಗಳು ಸುತ್ತಲಿನ ಬೆಟ್ಟಗಳಿಂದ ಅದಕ್ಕೆ ಮುತ್ತಿಗೆ ಹಾಕಿದ್ದವು. ನೀರು, ವಿದ್ಯುತ್ತು, ಅಡುಗೆ ಅನಿಲ ಎಲ್ಲವೂ ಕಡಿದುಹೋದವು. ಉದ್ಯಾನದ ಮರಗಳು ಒಲೆಗೆ ಹೋದವು. ಬಿಯರ್ ಕಾರ್ಖಾನೆಯ ನೀರಿನ ಸೆಲೆಯ ಮುಂದೆ ಜನ ಗುಂಡಿನ ಭಯದಲ್ಲೇ ಕೊಡ ಹಿಡಿದು ಸಾಲುಗಟ್ಟಿದರು. ಇಷ್ಟಾದರೂ ಅಲ್ಲಿ ಶಾಲೆಗಳು ನಿಲ್ಲಲಿಲ್ಲ. ನೆಲಮಾಳಿಗೆಗಳಲ್ಲಿ, ಬಹುಮಹಡಿ ಕಟ್ಟಡಗಳ ಮೆಟ್ಟಿಲುಗಳ ಮೇಲೆ ಪಾಠ ನಡೆಯಿತು. 'ಓಸ್ಲೊಬೊಜೆನ್ಯೆ' ದಿನಪತ್ರಿಕೆಯ ಕಟ್ಟಡ ಫಿರಂಗಿ ದಾಳಿಗೆ ಪುಡಿಯಾದರೂ ಬೊಸ್ನಿಯಾಕ್ (ಬಾಸ್ನಿಯನ್ ಮುಸ್ಲಿಂ), ಸರ್ಬ್, ಕ್ರೊಯೆಟ್ ಪತ್ರಕರ್ತರು ಒಟ್ಟಾಗಿ ಅದನ್ನು ಹೊರತಂದರು. ನಗರದ ಪುಟ್ಟ ಯಹೂದಿ ಸಮುದಾಯದ ಸಂಸ್ಥೆ 'ಲಾ ಬೆನೆವೊಲೆನ್ಸಿಯಾ' ಯಾರ ಧರ್ಮವನ್ನೂ ಕೇಳದೆ ಔಷಧಿ ಕೊಟ್ಟಿತು, ಊಟ ಬಡಿಸಿತು. 1993ರಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲಿ ಎರಡೂ ಕಡೆಯಿಂದ ಗುದ್ದಲಿ ಹಿಡಿದು ಸುಮಾರು 800 ಮೀಟರ್ ಸುರಂಗ ತೋಡಿದರು; ಆಹಾರ, ಔಷಧಿ, ಆಯುಧ ಅದರ ಮೂಲಕವೂ ಬಂದವು. ಮುತ್ತಿಗೆಯ ಬೆಲೆ ಘೋರವಾಗಿತ್ತು: 2012ರಲ್ಲಿ ಮಡಿದವರ ನೆನಪಿಗಾಗಿ ಮುಖ್ಯ ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಖಾಲಿ ಇಡಲಾಯಿತು. ಆದರೂ ಲಕ್ಷಾಂತರ ಜನ ಬದುಕುಳಿದರು. ಅವರನ್ನು ಉಳಿಸಿದ್ದು ಯಾರದೋ ಗುಪ್ತ ಉಗ್ರಾಣವಲ್ಲ. ಹೊರಗಿನಿಂದ ಬಂದ ನೆರವು ಮತ್ತು ಅದನ್ನು ಮನೆಮನೆಗೆ ತಲುಪಿಸಿದ ಜನ.

ಒಂಟಿಯಾಗಿ ಬದುಕುಳಿಯುವ ಯೋಜನೆ ಸೋಲುವುದು ಧೈರ್ಯದ ಕೊರತೆಯಿಂದಲ್ಲ. ಒಬ್ಬನೇ ಎಚ್ಚರವಿದ್ದು ಕಾಯಲಾರ, ಅವನಿಗೂ ನಿದ್ದೆ ಬೇಕು. ಕಾಲು ಮುರಿದರೆ, ಜ್ವರ ಬಂದರೆ, ಹಲ್ಲಿನ ಬುಡ ಕೀವುಗಟ್ಟಿದರೆ ಅಟ್ಟದ ಮೇಲಿನ ಅಕ್ಕಿ ಮೂಟೆ ಎದ್ದು ಬಂದು ಗಂಜಿ ಕಾಯಿಸುವುದಿಲ್ಲ. ನೀರಿನ ಸಾಲಿನಲ್ಲಿ ನಿಂತವನು ರೊಟ್ಟಿಯ ಸಾಲಿನಲ್ಲಿ ಇರಲಾರ, ಇಬ್ಬರಿದ್ದರೆ ಆದೀತು. ಜ್ಞಾನದ ಮಾತೂ ಹೀಗೆಯೇ. ಗಾಯ ಹೊಲಿಯಬಲ್ಲವಳು, ಮೋಟರ್ ರಿಪೇರಿ ಬಲ್ಲವನು, ಬೀಜ ಕಾಪಾಡಬಲ್ಲವರು, ಮಕ್ಕಳನ್ನು ಸಂಭಾಳಿಸಬಲ್ಲವರು ಒಂದೇ ದೇಹದಲ್ಲಿ ಸಿಗುವುದಿಲ್ಲ. ಹತ್ತು ಮಂದಿಗೆ ಹುಲ್ಲುಕಡ್ಡಿಯಾದದ್ದು ಒಬ್ಬನಿಗೆ ತಲೆಹೊರೆ ಎಂದು ನಮ್ಮ ಹಿರಿಯರು ಹೇಳಿದ್ದು ಇದೇ ಅರ್ಥದಲ್ಲಿ.

1995ರ ಎರಡು ದುರಂತಗಳು ಇದಕ್ಕೆ ಗಟ್ಟಿ ಸಾಕ್ಷಿ. ಆ ವರ್ಷದ ಜನವರಿ 17ರಂದು ಜಪಾನಿನ ಕೋಬೆ ನಗರ ನಡುಗಿ 6,400ಕ್ಕೂ ಹೆಚ್ಚು ಜನ ಸತ್ತರು. ಅವಶೇಷಗಳ ಅಡಿಯಿಂದ ಜೀವಂತ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದದ್ದು ಮನೆಯವರು ಮತ್ತು ಅಕ್ಕಪಕ್ಕದವರು. ವೃತ್ತಿಪರ ರಕ್ಷಣಾ ತಂಡಗಳು ಎಲ್ಲ ಕಡೆಗೂ ತಲುಪುವಷ್ಟು ಸಮಯವೇ ಇರಲಿಲ್ಲ. ಅಲ್ಲಿನ ಮಾನೊ ಬಡಾವಣೆಯ ಜನ ಕೈಯಿಂದ ಕೈಗೆ ಬಕೆಟ್ ದಾಟಿಸಿ ಬೆಂಕಿ ಹರಡದಂತೆ ತಡೆದರು. 1960ರ ದಶಕದಿಂದ ಕಾರ್ಖಾನೆ ಮಾಲಿನ್ಯದ ವಿರುದ್ಧ ಒಟ್ಟಾಗಿ ಹೋರಾಡಿದ್ದ ಬಡಾವಣೆ ಅದು. ಯಾರ ಮನೆಯಲ್ಲಿ ಯಾರಿದ್ದಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಅದೇ ವರ್ಷ ಜುಲೈನಲ್ಲಿ ಷಿಕಾಗೊ ನಗರವನ್ನು ಬಿಸಿಗಾಳಿ ಸುಟ್ಟಿತು. ವಾಡಿಕೆಗಿಂತ 739 ಸಾವು ಹೆಚ್ಚಾದವು, ಹಲವರು ಮುಚ್ಚಿದ ಕದದ ಹಿಂದೆ ಒಬ್ಬರೇ ಸತ್ತಿದ್ದರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿದರು. ಅಂಗಡಿಗಳು ಮುಚ್ಚಿ ಬೀದಿ ಬರಿದಾಗಿದ್ದ ನಾರ್ತ್ ಲಾನ್‌ಡೇಲ್‌ನಲ್ಲಿ ಲಕ್ಷಕ್ಕೆ 40 ಜನ ಸತ್ತಿದ್ದರೆ, ಬೀದಿಯಲ್ಲಿ ಜನಸಂಚಾರವಿದ್ದ ಸೌತ್ ಲಾನ್‌ಡೇಲ್‌ನಲ್ಲಿ ಆ ಸಂಖ್ಯೆ 4ಕ್ಕಿಂತ ಕಡಿಮೆ. ಬಿಸಿಲು ಎರಡೂ ಕಡೆ ಒಂದೇ, ಬಡತನವೂ ಬಹುಮಟ್ಟಿಗೆ ಒಂದೇ. ವೃದ್ಧರು ಭಯವಿಲ್ಲದೆ ಮನೆಯಿಂದ ಹೊರಬರುವಂಥ ಬೀದಿ ಮಾತ್ರ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಗುಂಪು ಕಾಯುವಂತೆ ಕೊಲ್ಲಲೂ ಬಲ್ಲದು. ಸರಾಯೆವೊವನ್ನು ಸುತ್ತುವರಿದು ಗುಂಡು ಹಾರಿಸಿದವರೂ ಒಂದು ಗುಂಪೇ. ನಗರದೊಳಗೂ ಕೆಲವು ಸಶಸ್ತ್ರ ತಂಡದವರು ಸರ್ಬ್ ನಾಗರಿಕರನ್ನು ಕೊಂದರು. 1923ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ಸುತ್ತಲಿನ ಪ್ರದೇಶ ಭೂಕಂಪಕ್ಕೆ ಸಿಕ್ಕಾಗ, ಕೊರಿಯನ್ನರು ಬಾವಿಗಳಿಗೆ ವಿಷ ಹಾಕಿದ್ದಾರೆಂಬ ಗಾಳಿಸುದ್ದಿ ನಂಬಿ ಸ್ವಯಂಘೋಷಿತ ಕಾವಲು ಪಡೆಗಳು ಸಾವಿರಾರು ಕೊರಿಯನ್ನರನ್ನು ಕೊಂದವು. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇದರಿಂದ ಒಂಟಿತನ ಲೇಸೆಂದು ಸಾಬೀತಾಗುವುದಿಲ್ಲ. ಗುಂಪು ಸಿಡಿದೆದ್ದಾಗ ಮೊದಲು ಸಿಕ್ಕಿಬೀಳುವವನು ಯಾರ ಪರಿಚಯವೂ ಇಲ್ಲದ ಒಂಟಿಗನೇ. ನಾವು ಕೇಳಬೇಕಾದ ಪ್ರಶ್ನೆ, ಆ ಗುಂಪು ಯಾವ ಆಧಾರದ ಮೇಲೆ ಕೂಡಿದ್ದು ಎಂಬುದು. ರಕ್ತ, ಜಾತಿ, ಧರ್ಮ ನೋಡಿ ಕೂಡಿದ ಗುಂಪು ಸಂಕಟದ ಹೊತ್ತಿಗೆ ಹೊರಗಿನವರನ್ನು ಹುಡುಕುತ್ತದೆ. ಒಂದೇ ಮೆಟ್ಟಿಲು ಹತ್ತುವವರು, ಒಂದೇ ನಲ್ಲಿಯ ನೀರು ಹಿಡಿಯುವವರು ಎಂಬ ಕಾರಣಕ್ಕೆ ಕೂಡಿದವರಿಗೆ ಪಕ್ಕದ ಮನೆಯವನ ಕುಲ ಕೇಳುವ ಅಗತ್ಯ ಕಡಿಮೆ. ಕಾಪಾಡುವ ಶಕ್ತಿ ಇರುವುದು ಈ ಎರಡನೆಯದಕ್ಕೆ.

ಇನ್ನೊಂದು ಆಕ್ಷೇಪ, ದುಡಿಯದೆ ಪಾಲು ಕೇಳುವವರ ಕುರಿತದ್ದು. ಇದೂ ಸುಳ್ಳಲ್ಲ. 2001ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾದ ಅರ್ಥವ್ಯವಸ್ಥೆ ಕುಸಿದು ಬ್ಯಾಂಕಿನಲ್ಲಿದ್ದ ಸ್ವಂತ ಹಣವೇ ಜನರ ಕೈಗೆ ಸಿಗದಾದಾಗ, ತಮ್ಮದೇ ಚೀಟಿಗಳನ್ನು ಹಣದಂತೆ ಬಳಸುವ ವಿನಿಮಯ ಕೂಟಗಳು ಲಕ್ಷಾಂತರ ಜನರಿಗೆ ಆಸರೆಯಾದವು. ಮರುವರ್ಷವೇ ಖೋಟಾ ಚೀಟಿಗಳು ಮತ್ತು ಮಿತಿಮೀರಿ ಹಂಚಿದ ಚೀಟಿಗಳಿಂದ ಅವುಗಳಲ್ಲಿ ಬಹುಪಾಲು ಕುಸಿದವು. ಸದ್ಭಾವನೆಯೊಂದೇ ಸಾಲದು, ನಿಯಮವೂ ಅದನ್ನು ಕಾಯುವವರೂ ಬೇಕು ಎಂಬುದು ಇಲ್ಲಿನ ಪಾಠ. ಹಳೆ ಮೈಸೂರಿನ ಕೆರೆಗಳಿಗೆ ನೀರುಗಂಟಿ ಇದ್ದದ್ದು ಇದಕ್ಕೇ. ನೀರು ಕಡಿಮೆಯಾದಾಗ ತೂಬು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಎಂಬುದನ್ನು ಅವನು ನೋಡಿಕೊಳ್ಳುತ್ತಿದ್ದ, ಊರು ಅವನಿಗೆ ಧಾನ್ಯದ ಪಾಲು ಕೊಡುತ್ತಿತ್ತು. ಆದರೆ ಹಲವು ಕಡೆ ನೀರುಗಂಟಿ ದಲಿತ. ಊರ ಗದ್ದೆಗೆಲ್ಲ ನೀರು ಹಂಚಿದವನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕು ಇರಲಿಲ್ಲ. ಆ ವ್ಯವಸ್ಥೆಯ ನಿಯಮದಿಂದ ಕಲಿಯಬೇಕು, ಆ ಅನ್ಯಾಯವನ್ನು ಬಿಡಬೇಕು.

ಸಾಂಕ್ರಾಮಿಕ ರೋಗ ಬಂದಾಗ ದೂರ ಇರುವುದೇ ಕ್ಷೇಮವಲ್ಲವೇ ಎಂದು ಕೇಳಬಹುದು. ದೇಹಗಳು ದೂರವಿರಬೇಕು, ಸರಿ. ಆದರೆ 2021ರ ಕೋವಿಡ್ ಎರಡನೇ ಅಲೆಯಲ್ಲಿ ಬಾಗಿಲು ಹಾಕಿಕೊಂಡವರಿಗೂ ಊಟ ತಂದಿಟ್ಟವರು, ಆಮ್ಲಜನಕದ ಸಿಲಿಂಡರ್ ಹುಡುಕಿ ಅಲೆದವರು ಬೇರೆ ಮನುಷ್ಯರೇ. ಮನೆಯಲ್ಲಿ ಒಂದಷ್ಟು ದಿನಕ್ಕೆ ನೀರು, ದಿನಸಿ, ಔಷಧಿ ಇಟ್ಟುಕೊಳ್ಳುವುದನ್ನೂ ನಾನು ವಿರೋಧಿಸುವುದಿಲ್ಲ, ಅದು ವಿವೇಕ. ಅದು ಆರಂಭದ ದಿನಗಳನ್ನು ದಾಟಿಸುತ್ತದೆ, ತಿಂಗಳುಗಳನ್ನಲ್ಲ. ನೆರೆಹೊರೆ ಒಗ್ಗೂಡುವುದರಿಂದ ಸರ್ಕಾರದ ಹೊಣೆಯೂ ಕಡಿಮೆಯಾಗುವುದಿಲ್ಲ, ಸಂಘಟಿತ ಬೀದಿಯ ಬೇಡಿಕೆಯೇ ಅದರ ಕಿವಿಗೆ ಬೇಗ ಬೀಳುತ್ತದೆ.

ಆದ್ದರಿಂದ ಸಿದ್ಧತೆಯ ಅರ್ಥವನ್ನೇ ನಾವು ಬದಲಿಸಿಕೊಳ್ಳಬೇಕು. 2018ರ ಕೇರಳದ ಪ್ರವಾಹದಲ್ಲಿ ಲಾರಿಗಳ ಮೇಲೆ ದೋಣಿ ಹೇರಿಕೊಂಡು ಒಳನಾಡಿಗೆ ಧಾವಿಸಿದ ಮೀನುಗಾರರಿಗೂ, ನೀರಿಳಿದ ಮೇಲೆ ಕೆಸರು ತುಂಬಿದ ಮನೆಗಳನ್ನು ತೊಳೆದ ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಮಹಿಳೆಯರಿಗೂ ಒಟ್ಟಾಗಿ ದುಡಿಯುವ ರೂಢಿ ಮೊದಲೇ ಇತ್ತು. ನಮ್ಮಲ್ಲೂ ಸ್ತ್ರೀಶಕ್ತಿ ಗುಂಪುಗಳಿವೆ, ಹಾಲು ಉತ್ಪಾದಕರ ಸಂಘಗಳಿವೆ, ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳಿವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಐಷಾರಾಮಿ ಬಡಾವಣೆಗಳು ಮುಳುಗಿದಾಗ ಜನರನ್ನು ಹೊರತಂದದ್ದು ಟ್ರ್ಯಾಕ್ಟರುಗಳು; ಎತ್ತರದ ಕಾಂಪೌಂಡು ಅಲ್ಲಿ ಏನನ್ನೂ ತಡೆಯಲಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರೇ ಇರುವ ವೃದ್ಧರು ಯಾರು, ನರ್ಸ್ ಯಾರು, ಎಲೆಕ್ಟ್ರಿಷಿಯನ್ ಯಾರು, ಬಾವಿ ಎಲ್ಲಿದೆ ಎಂಬುದು ಇಂದೇ ಗೊತ್ತಿರಬೇಕು. ಮನೆಗೆಲಸದವರು, ಕಾವಲುಗಾರರು, ಪೌರಕಾರ್ಮಿಕರು, ಬಾಡಿಗೆಗಿರುವ ವಲಸೆ ಕಾರ್ಮಿಕರು ನಿವಾಸಿಗಳ ಸಂಘದ ಸಭೆಯಲ್ಲಿ ಕುರ್ಚಿ ಹಾಕಿ ಕೂರುವಂತಾಗಬೇಕು. ಅವರನ್ನು ಹೊರಗಿಟ್ಟ ಸಂಘ ಕಷ್ಟದ ದಿನ ಅರ್ಧ ಶಕ್ತಿಯನ್ನು ಹೊರಗಿಟ್ಟಂತೆಯೇ. ನಂಬಿಕೆ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಅದನ್ನು ಬೆಳೆಸುವ ಕೆಲಸ ನೆಮ್ಮದಿಯ ದಿನಗಳಲ್ಲೇ ಆಗಬೇಕು.